ತರಕಾರಿ ತೋಟಕ್ಕೆ ಚೈತ್ರದಲ್ಲಿ ಬಿಡುವಿಲ್ಲ

ಹೊಂಗೆ ಮರ ಚಿಗುರಿ ನೆರಳು ತುಂಬಿಕೊಳ್ಳುವ, ಮಾವಿನ ತೋಪಿನಲ್ಲಿ ಮಿಡಿ ಕಟ್ಟುವ ಕಾಲವೆಂದರೆ ಬಯಲುಸೀಮೆಯ ರಾಗಿ ಬೆಳೆಗಾರನಿಗೆ ಬಿಡುವಿನ ಕಾಲ. ಕಣದ ಕೆಲಸ ಮುಗಿದು, ಹುಲ್ಲು ಬಣವೆ ಸೇರಿ ತಿಂಗಳುಗಳಾಗಿರುತ್ತವೆ. ಹೊಲ ಒಣಗಿ ಬಿದ್ದಿರುತ್ತದೆ. ಯುಗಾದಿಯ ಹೊತ್ತಿಗೆ ಎತ್ತುಗಳಿಗೆ ಪೂಜೆ ಮಾಡಿ, ಹೊನ್ನಾರು ಹೂಡಿ, ಶಾಸ್ತ್ರಕ್ಕೆ ನಾಲ್ಕು ಸಾಲು ಉತ್ತು ಬಂದರೆ ಮಳೆ ಬೀಳುವ ತನಕ ಹೊಲದ ಕಡೆ ಅವಸರದ ಕೆಲಸವಿಲ್ಲ. ಮದುವೆ, ಜಾತ್ರೆ, ತೇರುಗಳು ಈ ಎರಡು ಮೂರು ತಿಂಗಳಲ್ಲೇ ಒತ್ತಾಗಿ ಬರುವುದಕ್ಕೆ ಈ ಬಿಡುವೂ ಒಂದು ಕಾರಣ.

ಆದರೆ ಅದೇ ಊರಿನ ಇನ್ನೊಂದು ಮಗ್ಗುಲಲ್ಲಿ, ಕೊಳವೆಬಾವಿಯ ಸುತ್ತ ಒಂದೋ ಎರಡೋ ಎಕರೆಯಲ್ಲಿ ತರಕಾರಿ ಬೆಳೆಯುವ ಕುಟುಂಬಕ್ಕೆ ವರ್ಷದಲ್ಲಿ ಇಷ್ಟು ಬಿಗಿಯಾದ ದಿನಗಳು ಬೇರೆ ಇಲ್ಲ. ಶಿವರಾತ್ರಿ ಕಳೆದು ಬಿಸಿಲೇರಿದಲ್ಲಿಂದ ಮುಂಗಾರು ಕಾಲಿಡುವವರೆಗಿನ ಸುಮಾರು ನೂರು ದಿನಗಳಲ್ಲಿ ಆ ತೋಟದ ವರ್ಷದ ಹಣೆಬರಹ ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆ. ಬಾವಿಯಲ್ಲಿ ನೀರು ತಳ ಕಾಣುವುದು ಆಗಲೇ, ಗಿಡ ಅತಿ ಹೆಚ್ಚು ನೀರು ಕೇಳುವುದೂ ಆಗಲೇ. ಪೇಟೆಯಲ್ಲಿ ಹಬ್ಬ, ಮದುವೆಗಳ ಬೇಡಿಕೆ ಏರುವುದೂ ಆಗಲೇ. ಈ ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಎಳೆಯುವ ಕೆಲಸವೇ ತರಕಾರಿ ಬೆಳೆಗಾರನ ವಸಂತ.

ಇದನ್ನು ಅರಿಯಲು ಕೋಲಾರ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದನ್ನು ನಡೆಸುತ್ತಿದೆ. ಜಿಲ್ಲಾ ಕೇಂದ್ರದ ಎಪಿಎಂಸಿ ಪ್ರಾಂಗಣವಲ್ಲದೆ ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ, ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ, ಆಂಧ್ರದ ಗಡಿಯಾಚೆಯ ಮದನಪಲ್ಲಿ ಇವೆಲ್ಲ ಟೊಮೆಟೊಗೆ ಹೆಸರಾದ ಪೇಟೆಗಳು. ಬೀನ್ಸ್, ಕೋಸು, ಮೂಲಂಗಿ, ಸೌತೆ, ಸೊಪ್ಪುಗಳೂ ಇಲ್ಲಿಂದ ಪ್ರತಿರಾತ್ರಿ ಬೆಂಗಳೂರಿಗೆ ಹೋಗುತ್ತವೆ. ರಾಜಧಾನಿಯ ಅಡುಗೆಮನೆಗೂ ಕೋಲಾರದ ಕೊಳವೆಬಾವಿಗೂ ಇರುವ ಈ ನಂಟು ಒಂದೇ ದಿನದಲ್ಲಿ ಬೆಳೆದದ್ದಲ್ಲ.

ಕೆರೆಯಂಗಳದಿಂದ ಕೊಳವೆಬಾವಿಗೆ

ನೂರು ವರ್ಷಗಳ ಹಿಂದೆ ಬೆಂಗಳೂರಿಗೆ ತರಕಾರಿ ಬರಲು ಅರುವತ್ತು ಎಪ್ಪತ್ತು ಕಿಲೋಮೀಟರ್ ದಾರಿ ಸವೆಸಬೇಕಾಗಿರಲಿಲ್ಲ. ಊರ ಸುತ್ತಲಿನ ಕೆರೆಗಳ ಕೆಳಗೆ, ಕೆರೆಯ ಅಂಚಿನ ತೇವದ ನೆಲದಲ್ಲಿ ತಿಗಳರ ತೋಟಗಳಿದ್ದವು. ತಮಿಳು ಸೀಮೆಯಿಂದ ಬಂದವರೆಂದು ಹೇಳಲಾಗುವ ಈ ಸಮುದಾಯದವರು ಸೊಪ್ಪು, ತರಕಾರಿ, ಹೂವಿನ ಬೇಸಾಯದಲ್ಲಿ ನಿಪುಣರೆಂದು ಹೆಸರಾದವರು. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗ್‌ನ ಬೆಳವಣಿಗೆಯಲ್ಲೂ ಇವರ ದುಡಿಮೆಯ ಪಾಲಿದೆ ಎಂದು ನೆನೆಯುವುದುಂಟು.

1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ತೋಟಗಳ ಸ್ವರೂಪ ಬದಲಾಯಿತು. ದಂಡಿನ ಅಡುಗೆಮನೆಗೆ ಕೋಸು, ಕ್ಯಾರೆಟ್, ನವಿಲುಕೋಸು, ಬೀನ್ಸ್ ಬೇಕಾದವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲದ ತಂಪು ಹವೆ ಅವಕ್ಕೆ ಒಗ್ಗಿತು. ಮೊದಮೊದಲು ‘ಸೀಮೆ’ ತರಕಾರಿ ಎನಿಸಿಕೊಂಡವು ಕ್ರಮೇಣ ಮನೆಮನೆಯ ಹುಳಿಗೆ, ಪಲ್ಯಕ್ಕೆ ಬಂದವು. ಸೀಮೆಬದನೆಯಂಥ ಹೆಸರಿನಲ್ಲಿ ಆ ನೆನಪು ಈಗಲೂ ಉಳಿದಿದೆ. 1928ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ರೂಪುಗೊಂಡಾಗ ಅದಕ್ಕೆ ಬೇಕಾದ ಸೊಪ್ಪು ತರಕಾರಿಯನ್ನು ತಲೆಯ ಮೇಲೆ ಮಂಕರಿ ಹೊತ್ತೋ ಎತ್ತಿನ ಗಾಡಿಯಲ್ಲೋ ತರುವಷ್ಟು ಹತ್ತಿರದಲ್ಲಿ ತೋಟಗಳಿದ್ದವು.

ಚೈತ್ರದ ಹುಣ್ಣಿಮೆಯಂದು ನಡೆಯುವ ಬೆಂಗಳೂರು ಕರಗ ಈ ತೋಟಗಾರ ಸಮುದಾಯದ ಉತ್ಸವ. ತಿಗಳರಪೇಟೆಯ ಧರ್ಮರಾಯ ದೇವಸ್ಥಾನದಿಂದ ಹೊರಡುವ ಕರಗಕ್ಕೆ ಮುನ್ನ ನಡೆಯುವ ಕೆಲವು ವಿಧಿಗಳು ಇಂದಿಗೂ ಸಂಪಂಗಿ ಕೆರೆಯ ಪಾಲಿಗೆ ಉಳಿದಿರುವ ಪುಟ್ಟ ಕೊಳದ ಬಳಿ ಜರುಗುತ್ತವೆ. ಕೆರೆಯ ಉಳಿದ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೋಯಿತು, ಕೆರೆಯನ್ನು ನೆಚ್ಚಿದ ತೋಟ ಹೋಯಿತು. ಬಿರುಬೇಸಿಗೆಯಲ್ಲಿ ನೀರಿಗೆ ಕೈಮುಗಿಯುವ ತೋಟಗಾರನ ಪದ್ಧತಿ ಮಾತ್ರ ಉಳಿಯಿತು.

ನಗರ ಬೆಳೆದಂತೆ ತರಕಾರಿ ತೋಟಗಳು ಹಿಂದೆ ಸರಿದವು. ಹೊಸಕೋಟೆ, ಮಾಲೂರು, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಅವು ಹೋದವು. ಅಲ್ಲಿ ಮೊದಲಿಗೆ ನೀರೆತ್ತುತ್ತಿದ್ದದ್ದು ಕಪಿಲೆ ಮತ್ತು ಏತ. ಇಳಿಜಾರಿನಲ್ಲಿ ಎತ್ತುಗಳು ಹಿಂದೆ ಮುಂದೆ ನಡೆಯುತ್ತ ಚರ್ಮದ ಚೀಲದಲ್ಲಿ ಬಾವಿಯ ನೀರನ್ನು ಮೇಲೆ ತರುತ್ತಿದ್ದವು. ಒಂದು ಜೊತೆ ಎತ್ತು ಎಷ್ಟು ಎಳೆಯಬಲ್ಲದೋ ಅಷ್ಟೇ ತೋಟ. ತೋಟದ ಎಲ್ಲೆಯನ್ನು ಎತ್ತಿನ ಕಸುವೇ ಗೊತ್ತುಮಾಡುತ್ತಿತ್ತು. ವಿದ್ಯುತ್ ಪಂಪು ಬಂದ ಮೇಲೆ ಆ ಮಿತಿ ಹೋಯಿತು. ತೆರೆದ ಬಾವಿಗಳು ಬತ್ತಿದವು, ಕೊಳವೆಬಾವಿಗಳು ಬಂದವು. ನೂರಿನ್ನೂರು ಅಡಿಗೆ ಸಿಗುತ್ತಿದ್ದ ನೀರನ್ನು ಹುಡುಕಿಕೊಂಡು ಕೋಲಾರದ ಬೆಳೆಗಾರ ಸಾವಿರ ಅಡಿಯನ್ನೂ ದಾಟಿ ಕೊರೆಸಿದ್ದಾನೆ. ಕೊರೆದ ಬಾವಿಯಲ್ಲಿ ದೂಳು ಮಾತ್ರ ಎದ್ದಾಗ ಅದಕ್ಕೆ ಮಾಡಿದ ಸಾಲ ಮುಂದಿನ ಹಲವು ಬೆಳೆಗಳ ಮೇಲೆ ಕೂರುತ್ತದೆ.

2018ರ ಜೂನ್‌ನಲ್ಲಿ ಈ ಕತೆಗೆ ಇನ್ನೊಂದು ತಿರುವು ಬಂತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲಿಗೆ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ನೂರಕ್ಕೂ ಹೆಚ್ಚು ಕೆರೆ ತುಂಬಿಸಿ ಅಂತರ್ಜಲ ಮೇಲೆತ್ತುವುದು ಅದರ ಉದ್ದೇಶ. ಆಸುಪಾಸಿನ ಬಾವಿಗಳಲ್ಲಿ ನೀರು ಏರಿದ್ದನ್ನು ಬೆಳೆಗಾರರು ಕಂಡಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯದೂ ಬೇಕೇ ಎಂಬ ವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಏನೇ ಇರಲಿ, ನಗರ ಉಂಡು ತೊಳೆದ ನೀರು ನಗರಕ್ಕೆ ಉಣಬಡಿಸುವ ಜಿಲ್ಲೆಗೆ ಮರಳುತ್ತಿದೆ.

ಸಾಲಿನ ಲೆಕ್ಕ, ನೀರಿನ ಲೆಕ್ಕ

ವಸಂತದಲ್ಲಿ ತರಕಾರಿ ಬೆಳೆಗಾರನ ಮೊದಲ ಕೆಲಸ ಗುದ್ದಲಿಯದ್ದಲ್ಲ, ಲೆಕ್ಕದ್ದು. ಎರಡು ಎಕರೆ ನೆಲವಿದ್ದ ಮಾತ್ರಕ್ಕೆ ಎರಡು ಎಕರೆಯನ್ನೂ ನಾಟಿ ಮಾಡುವಂತಿಲ್ಲ. ಎಷ್ಟಕ್ಕೆ ನೀರು ಸಾಕು ಎಂಬುದನ್ನು ಮೊದಲು ಅಳೆಯಬೇಕು.

ಲೆಕ್ಕ ಹೀಗೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಲು ಸುಮಾರು 4,000 ಲೀಟರ್ ಬೇಕು. ಮಾರ್ಚ್-ಏಪ್ರಿಲ್‌ನ ಬಿಸಿಲು, ಒಣಗಾಳಿಗೆ ತುಂಬಿದ ಬೆಳೆಯಿಂದ ದಿನಕ್ಕೆ ಐದು ಮಿಲಿಮೀಟರ್‌ನಷ್ಟು ನೀರು ಆವಿಯಾಗಿ ಹೋಗುತ್ತದೆಂದು ಹಿಡಿದರೆ, ಎಕರೆಗೆ ದಿನವೊಂದಕ್ಕೆ 20,000 ಲೀಟರ್ ಆಯಿತು. ಗಂಟೆಗೆ 4,000 ಲೀಟರ್ ಎತ್ತುವ ಕೊಳವೆಬಾವಿಗೆ ದಿನಕ್ಕೆ ಆರು ಗಂಟೆ ಮೂರು ಫೇಸ್ ವಿದ್ಯುತ್ ಸಿಕ್ಕರೆ ಬರುವುದು 24,000 ಲೀಟರ್. ಅಂದರೆ ಒಂದು ಎಕರೆ, ಅದರ ಮೇಲೆ ನಾಲ್ಕಾರು ಮಡಿ ಸೊಪ್ಪು. ಅಷ್ಟೇ. ಬಾವಿ ಒಂದು ವಾರ ಕೈಕೊಟ್ಟರೆ, ಟ್ರಾನ್ಸ್‌ಫಾರ್ಮರ್ ಸುಟ್ಟು ನಾಲ್ಕು ದಿನ ಕರೆಂಟಿಲ್ಲದಿದ್ದರೆ ಅದೂ ಇಲ್ಲ.

ಹನಿ ನೀರಾವರಿ ಈ ಲೆಕ್ಕಕ್ಕೆ ಸ್ವಲ್ಪ ಉಸಿರು ಕೊಟ್ಟಿದೆ. ಕಾಲುವೆಯಲ್ಲಿ ಹರಿದು ಇಂಗುತ್ತಿದ್ದ ನೀರು ಈಗ ನೇರವಾಗಿ ಬುಡಕ್ಕೆ ಬೀಳುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಸಿದರೆ ತೇವ ಆರುವುದೂ ಕಡಿಮೆ, ಕಳೆಯೂ ಕಡಿಮೆ. ಆದರೆ ಮುಫತ್ತಾಗಿ ಏನೂ ಬರುವುದಿಲ್ಲ. ಪೈಪಿನ ರಂಧ್ರಗಳು ಲವಣ ಕಟ್ಟಿ ಮುಚ್ಚಿಕೊಳ್ಳುತ್ತವೆ. ಬೆಳಿಗ್ಗೆ ಸಾಲಿನುದ್ದಕ್ಕೂ ಬಗ್ಗಿ ನಡೆದು, ಯಾವ ಗಿಡದ ಬುಡ ಒಣಗಿದೆ ಎಂದು ನೋಡಿ, ಅಲ್ಲಿಯ ರಂಧ್ರ ಬಿಡಿಸುವುದು ಈ ಕಾಲದ ನಿತ್ಯದ ಕೆಲಸ. ಬೆಳೆ ಮುಗಿದ ಮೇಲೆ ಹರಿದ ಪ್ಲಾಸ್ಟಿಕ್ಕನ್ನು ಆಯ್ದು ತೆಗೆಯುವುದು ಇನ್ನೊಂದು ಕೆಲಸ.

ನೀರಿನ ಲೆಕ್ಕ ಮುಗಿದ ಮೇಲೆ ದಿನದ ಲೆಕ್ಕ. ದಂಟಿನ ಸೊಪ್ಪು ಬಿತ್ತಿದ ತಿಂಗಳೊಳಗೆ ಕೀಳಲು ಬರುತ್ತದೆ. ಕೊತ್ತಂಬರಿಗೆ ಸುಮಾರು 40 ದಿನ, ಮೂಲಂಗಿಗೆ 45. ಬೆಂಡೆ, ಸೌತೆ 45ರಿಂದ 50 ದಿನಕ್ಕೆ ಮೊದಲ ಕೊಯ್ಲು ಕೊಡುತ್ತವೆ. ಟೊಮೆಟೊ ನಾಟಿಯಾದ 60-70 ದಿನಕ್ಕೆ ಹಣ್ಣು ಕೊಡಲು ಶುರುಮಾಡಿದರೆ ಒಂದೂವರೆ ಎರಡು ತಿಂಗಳು ಕೊಡುತ್ತಲೇ ಇರುತ್ತದೆ. ಸೊಪ್ಪಿನ ದುಡ್ಡು ವಾರದ ಖರ್ಚಿಗೆ, ಟೊಮೆಟೊ ದುಡ್ಡು ಸಾಲಕ್ಕೆ ಮತ್ತು ಮದುವೆಗೆ ಎಂಬ ವಿಂಗಡಣೆ ಅನೇಕ ಮನೆಗಳಲ್ಲಿದೆ.

ಒಟ್ಲು ಪಾತಿಯಿಂದ ಟ್ರೇಗೆ

ಹಿಂದೆ ಟೊಮೆಟೊ, ಬದನೆ, ಕೋಸುಗಳ ಸಸಿಯನ್ನು ಪ್ರತಿ ಮನೆಯವರೂ ತಾವೇ ಎಬ್ಬಿಸಿಕೊಳ್ಳುತ್ತಿದ್ದರು. ಬಾವಿಯ ಹತ್ತಿರ, ಕಣ್ಣಳತೆಯಲ್ಲಿ ಒಟ್ಲು ಪಾತಿ. ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ, ಇರುವೆ ಬಾರದಂತೆ ಬೂದಿ, ಮೇಲೆ ಬಿಸಿಲು ತಾಗದಂತೆ ಒಣಹುಲ್ಲು. ಸಂಜೆ ಸಂಜೆ ಕೈಯಿಂದಲೇ ನೀರು ಚಿಮುಕಿಸುವ ಕೆಲಸ ಮನೆಯ ಹಿರಿಯ ಹೆಂಗಸಿನದು. ಮೊಳಕೆ ಕಂಡ ದಿನ ಹುಲ್ಲು ತೆಗೆಯಬೇಕು. ಒಂದು ದಿನ ತಡವಾದರೆ ಸಸಿ ಬಿಳಿಚಿ ಉದ್ದವಾಗುತ್ತದೆ.

ಈಗ ಆ ಕೆಲಸವನ್ನು ನರ್ಸರಿಗಳು ವಹಿಸಿಕೊಂಡಿವೆ. ಬಿಳಿಯ ಬಲೆಯ ಚಪ್ಪರದಡಿ, 98 ಗುಳಿಗಳ ಪ್ಲಾಸ್ಟಿಕ್ ಟ್ರೇಗಳಲ್ಲಿ, ತೆಂಗಿನ ನಾರಿನ ಪುಡಿ ತುಂಬಿ ಗುಳಿಗೊಂದರಂತೆ ಬೀಜ ಊರುತ್ತಾರೆ. 25ರಿಂದ 30 ದಿನಕ್ಕೆ ಸಸಿ ನಾಟಿಗೆ ಸಿದ್ಧ. ಬೇರು ಕೀಳದೆ ಮಣ್ಣಿನ ಹೆಂಟೆಯ ಸಮೇತ ನೆಡುವುದರಿಂದ ಸಾಯುವ ಸಸಿ ಕಡಿಮೆ. ನಾಲ್ಕು ಅಡಿ ಅಂತರದ ಸಾಲಿನಲ್ಲಿ ಒಂದೂವರೆ ಅಡಿಗೊಂದು ಸಸಿಯಾದರೆ ಎಕರೆಗೆ ಏಳು ಸಾವಿರಕ್ಕೂ ಹೆಚ್ಚು ಸಸಿ ಬೇಕು. ಏಳು ಸಾವಿರ ಬಾರಿ ಬಗ್ಗಿ ಏಳುವ ಈ ಕೆಲಸವನ್ನು ಬಹುತೇಕ ಹೆಣ್ಣಾಳುಗಳೇ ಮಾಡುತ್ತಾರೆ. ನಾಟಿ ಹಿಡಿಯುವುದು ಬಿಸಿಲು ಇಳಿದ ಮೇಲೆ. ಮಧ್ಯಾಹ್ನ ನೆಟ್ಟ ಸಸಿ ಸಂಜೆಯೊಳಗೆ ಬಾಡುತ್ತದೆ.

ಸಸಿ ನಿಂತ ಮೇಲೆ ಕಡ್ಡಿ ನೆಡುವ ಕೆಲಸ. ಟೊಮೆಟೊ ಬಳ್ಳಿಯಂತೆ ನೆಲಕ್ಕೆ ಒರಗುವ ಗಿಡ. ಹಣ್ಣು ಮಣ್ಣು ಮುಟ್ಟಿದರೆ ಕೊಳೆಯುತ್ತದೆ. ಹಾಗಾಗಿ ನೀಲಗಿರಿಯ ಕಡ್ಡಿ ಊರಿ, ತಂತಿ ಎಳೆದು, ಗಿಡವನ್ನು ದಾರದಿಂದ ಎತ್ತಿ ಕಟ್ಟಬೇಕು. ಗಿಡ ಒಂದು ಗೇಣು ಬೆಳೆದಂತೆಲ್ಲ ಇನ್ನೊಂದು ದಾರ. ಬೀಜ, ಗೊಬ್ಬರದ ಖರ್ಚಿನ ಜೊತೆಗೆ ಕಡ್ಡಿ, ದಾರ, ಕೂಲಿಯ ಖರ್ಚೂ ಸೇರಿ ಟೊಮೆಟೊ ದುಬಾರಿ ಬೆಳೆಯಾಗಿದೆ. ಬಂಡವಾಳವಿಡೀ ಮೊದಲ ಹಣ್ಣು ಕಾಣುವ ಮುನ್ನವೇ ನೆಲಕ್ಕೆ ಬಿದ್ದಿರುತ್ತದೆ.

ಸೊಪ್ಪಿನ ಕೆಲಸ ಬೇರೆ ರೀತಿಯದು. ಕೊತ್ತಂಬರಿ ಬೀಜವನ್ನು ಹಾಗೇ ಬಿತ್ತಿದರೆ ಸರಿಯಾಗಿ ಮೊಳೆಯದು. ಕಾಣಲು ಒಂದು ಬೀಜದಂತಿದ್ದರೂ ಅದರಲ್ಲಿ ಎರಡು ಇರುತ್ತವೆ. ನೆಲದ ಮೇಲೆ ಹರಡಿ, ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಬೇಸಿಗೆಯಲ್ಲಿ ಕೊತ್ತಂಬರಿ ಬೇಗ ಹೂವಿಗೆ ತಿರುಗುತ್ತದೆ, ಹೂವು ಕಂಡ ಸೊಪ್ಪನ್ನು ಕೊಳ್ಳುವವರಿಲ್ಲ. ಅದಕ್ಕೇ ಈ ದಿನಗಳಲ್ಲಿ ಕೊತ್ತಂಬರಿ ಕಟ್ಟಿನ ಬೆಲೆ ಏರುತ್ತದೆ. ಅದಕ್ಕೇ ಬೆಳೆಗಾರರು ಇಡೀ ಮಡಿಯನ್ನು ಒಮ್ಮೆಗೇ ಬಿತ್ತದೆ, ವಾರಕ್ಕೊಂದು ಮಡಿಯಂತೆ ಹಂತ ಹಂತವಾಗಿ ಬಿತ್ತುತ್ತಾರೆ.

ಬಿಸಿಲು ಮತ್ತು ಬಿಳಿನೊಣ

ಬೇಸಿಗೆಯ ಬಿಸಿ ನೀರನ್ನಷ್ಟೇ ಕಸಿಯುವುದಿಲ್ಲ. ಹಗಲಿನ ತಾಪ 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಹೂವು ಕಾಯಿ ಕಟ್ಟದೆ ಉದುರುತ್ತದೆ. ಒಣಹವೆಯಲ್ಲಿ ಬಿಳಿನೊಣ, ನುಸಿ, ಥ್ರಿಪ್ಸ್‌ಗಳು ಹೆಚ್ಚುತ್ತವೆ. ಬಿಳಿನೊಣ ರಸ ಹೀರುವುದರ ಜೊತೆಗೆ ಎಲೆ ಮುದುಡು ರೋಗದ ವೈರಸ್ಸನ್ನೂ ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತದೆ. ರೋಗ ತಗುಲಿದ ಗಿಡದ ಎಲೆ ಮೇಲಕ್ಕೆ ಮುದುಡಿ, ಗಿಡ ಗಿಡ್ಡವಾಗಿ ನಿಂತುಬಿಡುತ್ತದೆ. ಆಮೇಲೆ ಯಾವ ಔಷಧಿಯೂ ಅದನ್ನು ಗುಣಪಡಿಸದು. ಕಂಡ ಕೂಡಲೇ ಕಿತ್ತು ದೂರ ಹಾಕುವುದೇ ಉಪಾಯ. 2014ರಲ್ಲಿ ಭಾರತದಲ್ಲಿ ಮೊದಲಿಗೆ ಕಾಣಿಸಿಕೊಂಡ ಊಜಿಯೆಂದು ಕರೆಯುವ ಸಣ್ಣ ಪತಂಗದ ಹುಳು ಎಲೆಯನ್ನೂ ಕಾಯಿಯನ್ನೂ ಕೊರೆದು ಹೊಸ ತಲೆನೋವಾಗಿದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಎಲೆ ಮುದುಡು, ದುಂಡಾಣು ಸೊರಗು, ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುವ ‘ಅರ್ಕಾ ರಕ್ಷಕ್’ ಎಂಬ ಸಂಕರಣ ತಳಿ ಕೊಟ್ಟಿದೆ. ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂವು ನೆಡುವಂತೆಯೂ ಅದು ಸಲಹೆ ಮಾಡಿದೆ. ಕಾಯಿಕೊರಕದ ಪತಂಗ ಟೊಮೆಟೊಗಿಂತ ಚೆಂಡುಹೂವಿನ ಮೇಲೆ ಮೊಟ್ಟೆ ಇಡಲು ಇಷ್ಟಪಡುತ್ತದೆ. ಟೊಮೆಟೊ ತೋಟದ ಹಸಿರಿನ ನಡುವೆ ಕಾಣುವ ಹಳದಿ ಗೆರೆ ಅಂದಕ್ಕಾಗಿ ನೆಟ್ಟದ್ದಲ್ಲ. ಹೂವು ಪೇಟೆಗೆ ಹೋದರೆ ಅದು ಬೇರೆ ಲಾಭ.

ಆದರೂ ಭಯ ಸುಮ್ಮನಿರಗೊಡುವುದಿಲ್ಲ. ಅಷ್ಟು ಬಂಡವಾಳ ಹಾಕಿದವನು ಪಕ್ಕದ ತೋಟದಲ್ಲಿ ರೋಗ ಕಂಡರೆ ಸಾಕು, ಅಂಗಡಿಗೆ ಓಡುತ್ತಾನೆ. ಎಷ್ಟು ದಿನಕ್ಕೊಮ್ಮೆ, ಯಾವ ಔಷಧಿ ಎಂಬುದನ್ನು ಅನೇಕ ವೇಳೆ ಅಂಗಡಿಯಲ್ಲೇ ಕೇಳಿ ತಿಳಿಯುತ್ತಾನೆ. ಸಿಂಪಡಣೆ ಹೆಚ್ಚಿದಂತೆ ಕೀಟ ಅದಕ್ಕೆ ಒಗ್ಗಿಕೊಳ್ಳುತ್ತದೆ, ಖರ್ಚೂ ಏರುತ್ತದೆ.

ಆಕಾಶದ ಭಯ ಇನ್ನೊಂದು. ಏಪ್ರಿಲ್ ನಡುವಿನಲ್ಲಿ ಹುಟ್ಟುವ ಅಶ್ವಿನಿ, ಅದರ ಹಿಂದೆ ಬರುವ ಭರಣಿ ಮಳೆಗಾಗಿ ಎಲ್ಲರೂ ಕಾಯುತ್ತಾರೆ. ಭರಣಿ ಬಂದರೆ ಧರಣಿ ಬದುಕೀತು ಎಂಬ ಗಾದೆಯೇ ಇದೆ. ಆದರೆ ಈ ಮಳೆ ಗಾಳಿ, ಆಲಿಕಲ್ಲುಗಳ ಜೊತೆ ಬಂದರೆ ಹತ್ತೇ ನಿಮಿಷದಲ್ಲಿ ಕಡ್ಡಿ ಸಮೇತ ಗಿಡ ಮಲಗುತ್ತದೆ, ಕಾಯಿಗೆ ಗಾಯವಾಗುತ್ತದೆ. ರಾಗಿ ಹೊಲದವನು ಹರಸುವ ಅದೇ ಮೋಡವನ್ನು ಟೊಮೆಟೊ ತೋಟದವನು ಆತಂಕದಿಂದ ನೋಡುತ್ತಾನೆ.

ಪಂಚಾಂಗವೂ ಪೇಟೆಯೂ

ತರಕಾರಿ ಬೆಳೆಗಾರನ ಮನೆಯಲ್ಲಿ ಪಂಚಾಂಗ ಬರಿಯ ದೇವರ ಕೆಲಸಕ್ಕಲ್ಲ, ಮಾರಾಟಕ್ಕೂ ಬೇಕು. ರಾಮನವಮಿಗೆ ಪಾನಕ, ಮಜ್ಜಿಗೆಯ ಜೊತೆ ಕೋಸಂಬರಿ ಹಂಚುವುದು ವಾಡಿಕೆ. ಹಾಗಾಗಿ ಆ ವಾರ ಎಳೆ ಸೌತೆಗೆ, ಕೊತ್ತಂಬರಿಗೆ, ನಿಂಬೆಗೆ ಗಿರಾಕಿ. ರಾಮನವಮಿಗೆ ಸೌತೆ ಕೊಯ್ಯಬೇಕಾದರೆ ಶಿವರಾತ್ರಿಯ ಆಸುಪಾಸಿನಲ್ಲಿ ಬೀಜ ಊರಿರಬೇಕು. ವೈಶಾಖದ ಮದುವೆಗಳಿಗೆ ಬೀನ್ಸ್, ಕ್ಯಾರೆಟ್, ಕುಂಬಳ, ಬದನೆ. ಛತ್ರದ ಅಡುಗೆಯವರು ಕೇಳುವುದು ಒಂದೇ ಅಳತೆಯ ಕಾಯಿ.

ಕೊಯ್ಲು ಬಿಸಿಲು ಏರುವ ಮುನ್ನ ಆಗಬೇಕು. ಸೊಪ್ಪನ್ನು ಸಂಜೆ ಕಿತ್ತು, ಬೇರಿನ ಮಣ್ಣು ತೊಳೆದು, ಕಟ್ಟು ಕಟ್ಟಿ, ಒದ್ದೆ ಗೋಣಿ ಹೊದಿಸಿ ಇಡುತ್ತಾರೆ. ಮನೆಯ ಹೆಂಗಸರು, ಶಾಲೆಗೆ ರಜೆಯಿರುವ ಮಕ್ಕಳು ಎಲ್ಲರೂ ಕಟ್ಟು ಕಟ್ಟಲು ಕೂರುತ್ತಾರೆ. ದೂರದೂರಿಗೆ ಹೋಗುವ ಟೊಮೆಟೊವನ್ನು ಹಣ್ಣಾಗುವ ಮುನ್ನ, ಬಣ್ಣ ತಿರುಗುವಾಗಲೇ ಬಿಡಿಸಬೇಕು. ಊರಿನ ನಾಲ್ಕಾರು ತೋಟಗಳ ಸರಕು ಒಂದೇ ಟೆಂಪೊದಲ್ಲಿ ಹೊರಡುತ್ತದೆ. ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಹೋಗುವ ಸರಕು ಬೆಳಗಿನ ಜಾವದೊಳಗೆ ಮುಟ್ಟಬೇಕು. ಹೊತ್ತು ಕಳೆದಂತೆ ಸೊಪ್ಪು ಬಾಡುತ್ತದೆ, ಬೆಲೆಯೂ ಬಾಡುತ್ತದೆ.

ಕೋಲಾರದ ಮಂಡಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ತೂಕದ ಬಾಕ್ಸಿನ ಲೆಕ್ಕದಲ್ಲಿ. ಮೇಲಿನ ಹಣ್ಣನ್ನು ಕೈಯಾಡಿಸಿ ನೋಡಿ ವ್ಯಾಪಾರಿ ಕೂಗುವ ಬೆಲೆಯಲ್ಲಿ ಮೂರು ತಿಂಗಳ ದುಡಿಮೆ ಅರೆ ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಸಾಗಣೆ, ಹಮಾಲಿ, ಕಮಿಷನ್ ಕಳೆದು ಉಳಿದದ್ದು ಬೆಳೆಗಾರನ ಕೈಗೆ. ಕಮಿಷನ್ನನ್ನು ಕೊಳ್ಳುವವನಿಂದ ಪಡೆಯಬೇಕೇ ಹೊರತು ರೈತನಿಂದಲ್ಲ ಎಂಬುದು ನಿಯಮ. ಆದರೂ ತಮ್ಮ ಹಣದಲ್ಲೇ ಅದನ್ನು ಮುರಿದುಕೊಳ್ಳುತ್ತಾರೆ ಎಂಬುದು ಬೆಳೆಗಾರರ ಹಳೆಯ ದೂರು. ತರಕಾರಿಯನ್ನು ಮನೆಗೆ ವಾಪಸು ಒಯ್ದು ನಾಳೆ ಮಾರುವಂತಿಲ್ಲ ಎಂಬುದು ಮಂಡಿಯಲ್ಲಿ ಇರುವ ಎಲ್ಲರಿಗೂ ಗೊತ್ತು. ಬೆಳೆಗಾರನ ನಿಜವಾದ ಬಲಹೀನತೆ ಅಲ್ಲಿದೆ.

ಈ ಬಲಹೀನತೆ ಎಂಥದೆಂಬುದು 2020ರಲ್ಲಿ ಎಲ್ಲರಿಗೂ ಕಂಡಿತು. ಆ ವರ್ಷದ ಯುಗಾದಿ ಮಾರ್ಚ್ 25ರಂದು. ಕೊರೊನಾ ಕಾರಣದ ದೇಶವ್ಯಾಪಿ ಲಾಕ್‌ಡೌನ್ ಆರಂಭವಾದದ್ದೂ ಅದೇ ದಿನ. ಹಬ್ಬಕ್ಕೆ, ಮದುವೆಗಳಿಗೆ ಎಂದು ಲೆಕ್ಕ ಹಾಕಿ ಬೆಳೆದ ತರಕಾರಿ ಹಣ್ಣಾಗಿ ನಿಂತಿತ್ತು. ಛತ್ರಗಳು, ಹೋಟೆಲುಗಳು ಮುಚ್ಚಿದ್ದವು. ಕೃಷಿ ಸರಕಿಗೆ ಓಡಾಟದ ವಿನಾಯಿತಿ ಇದ್ದರೂ ಲಾರಿ, ಆಳು, ಕೊಳ್ಳುವವರು ಇರಲಿಲ್ಲ. ಅನೇಕರು ಟೊಮೆಟೊ, ಕೋಸಿನ ತೋಟಗಳನ್ನು ಟ್ರ್ಯಾಕ್ಟರ್‌ನಿಂದ ಉತ್ತು ಮಣ್ಣಿಗೆ ಸೇರಿಸಿದರು.

ಇಂದಿನ ಬೆಲೆ, ಅಂದಿನ ಬೆಳೆ

ಲಾಕ್‌ಡೌನ್ ಒಮ್ಮೆ ಬಂದ ವಿಪತ್ತು. ಆದರೆ ಬೆಲೆಯ ಏರಿಳಿತ ಪ್ರತಿವರ್ಷದ್ದು. ಇದರ ಬೇರು ವಸಂತದ ನಾಟಿಯಲ್ಲೇ ಇದೆ. ಮಾರ್ಚ್-ಏಪ್ರಿಲ್‌ನಲ್ಲಿ ನೆಟ್ಟ ಟೊಮೆಟೊ ಜೂನ್-ಜುಲೈನಲ್ಲಿ ಪೇಟೆಗೆ ಬರುತ್ತದೆ. ಉತ್ತರ ಭಾರತದಲ್ಲಿ ಬಿಸಿಲು, ಮಳೆಯಿಂದ ಟೊಮೆಟೊ ಸಿಗದ ಆ ತಿಂಗಳುಗಳಲ್ಲಿ ಕೋಲಾರದ ಹಣ್ಣು ದೂರದ ರಾಜ್ಯಗಳಿಗೆ ಹೋಗುತ್ತದೆ. ಎಷ್ಟು ನೆಡಬೇಕೆಂದು ಬೆಳೆಗಾರ ನಿರ್ಧರಿಸುವಾಗ ಅವನ ಮುಂದಿರುವುದು ಮಾರ್ಚ್ ತಿಂಗಳ ಬೆಲೆ. ಮಾರುವಾಗ ಸಿಗುವುದು ಜುಲೈ ತಿಂಗಳ ಬೆಲೆ. ಮಾರ್ಚ್‌ನಲ್ಲಿ ಬೆಲೆ ಕುಸಿದಿದ್ದರೆ ಎಲ್ಲರೂ ಕಡಿಮೆ ನೆಡುತ್ತಾರೆ, ಜುಲೈನಲ್ಲಿ ಹಣ್ಣು ಸಾಲದೆ ಬೆಲೆ ಗಗನಕ್ಕೇರುತ್ತದೆ. ಅದನ್ನು ಕಂಡು ಎಲ್ಲರೂ ಹೆಚ್ಚು ನೆಡುತ್ತಾರೆ, ಮತ್ತೆ ಕುಸಿಯುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಜೇಡರಬಲೆ ಸಿದ್ಧಾಂತ ಎಂದು ಹೆಸರು. ಬೆಲೆ ಮತ್ತು ಇಳುವರಿಯನ್ನು ನಕ್ಷೆಯಲ್ಲಿ ಬರೆದರೆ ಬಲೆಯಂತೆ ಕಾಣುವುದರಿಂದ 1934ರಲ್ಲಿ ನಿಕೋಲಸ್ ಕಾಲ್ಡೋರ್ ಕೊಟ್ಟ ಹೆಸರು ಅದು.

2023ರಲ್ಲಿ ಈ ಬಲೆ ಕಣ್ಣಿಗೆ ಕಟ್ಟುವಂತೆ ಕಂಡಿತು. ಆ ವರ್ಷದ ವಸಂತದಲ್ಲಿ ದೇಶದ ಹಲವೆಡೆ ಟೊಮೆಟೊ ಬೆಲೆ ಬಿದ್ದು, ಕೊಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ ಇತ್ತು. ಕೆಲವರು ತೋಟ ಕೈಬಿಟ್ಟರು, ಕೆಲವರು ನೆಡಲಿಲ್ಲ. ನೆಟ್ಟವರಲ್ಲಿ ಅನೇಕರನ್ನು ಎಲೆ ಮುದುಡು ರೋಗ ಕಾಡಿತು. ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತು. ಕೇಂದ್ರ ಸರ್ಕಾರ ದೆಹಲಿ ಮೊದಲಾದ ಕಡೆ ರಿಯಾಯಿತಿ ದರದಲ್ಲಿ ಟೊಮೆಟೊ ಮಾರಿಸಬೇಕಾಯಿತು. ಬೆಳೆಗಾರರು ರಾತ್ರಿ ತೋಟಕ್ಕೆ ಕಾವಲು ಮಲಗಿದರು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಮತ್ತೆ ನೆಲ ಕಚ್ಚಿತ್ತು. ಜುಲೈನ ಬೆಲೆ ನೋಡಿ ಸಾಲ ಮಾಡಿ ನೆಟ್ಟವನಿಗೆ ಸಿಕ್ಕಿದ್ದು ಆಮೇಲಿನ ಬೆಲೆ.

ಇದನ್ನು ಸರಿಪಡಿಸುವ ಪ್ರಯತ್ನಗಳು ಆಗಿಲ್ಲವೆಂದಲ್ಲ. ಬೆಳೆಗಾರರದೇ ಸಹಕಾರ ಸಂಸ್ಥೆಯಾದ ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿ, ತರಕಾರಿ ಮಳಿಗೆಗಳ ಮೂಲಕ ಬೆಂಗಳೂರಿನ ಬಡಾವಣೆಗಳನ್ನು ತಲುಪಿತು. 2018-19ರ ಕೇಂದ್ರ ಬಜೆಟ್ ಟೊಮೆಟೊ, ಈರುಳ್ಳಿ, ಆಲೂಗೆಡ್ಡೆಗಳ ಬೆಲೆ ಏರಿಳಿತ ತಗ್ಗಿಸಲು 500 ಕೋಟಿ ರೂಪಾಯಿಯ ‘ಆಪರೇಷನ್ ಗ್ರೀನ್ಸ್’ ಪ್ರಕಟಿಸಿತು. ಆದರೂ ಒಂದೂವರೆ ಎಕರೆಯವನು ಚೈತ್ರದಲ್ಲಿ ಒಬ್ಬನೇ ಕೂತು ಹಾಕುವ ಲೆಕ್ಕ ಇನ್ನೂ ಹಾಗೇ ಇದೆ. ಊರಿನಲ್ಲಿ, ತಾಲ್ಲೂಕಿನಲ್ಲಿ, ಗಡಿಯಾಚೆ ಈ ವಾರ ಎಷ್ಟು ಸಸಿ ನಾಟಿಯಾಯಿತು ಎಂಬುದನ್ನು ಅವನಿಗೆ ಹೇಳುವವರಿಲ್ಲ. ನರ್ಸರಿಗಳಿಂದ ಹೊರಟ ಸಸಿಗಳ ಲೆಕ್ಕವನ್ನು ವಾರವಾರ ಒಟ್ಟುಗೂಡಿಸಿ ಪ್ರಕಟಿಸಿದರೆ ಜುಲೈನ ಪೇಟೆಯ ಅಂದಾಜು ಏಪ್ರಿಲ್‌ನಲ್ಲೇ ಸಿಗಬಹುದು.

ಅಲ್ಲಿಯತನಕ ಸಣ್ಣ ಬೆಳೆಗಾರನಿಗೆ ಆಸರೆ ಹಳೆಯ ಉಪಾಯವೇ. ಕೆರೆಯಂಗಳದ ತೋಟಗಾರ ಎಂದೂ ಒಂದೇ ಬೆಳೆಯನ್ನು ನೆಚ್ಚಿದವನಲ್ಲ. ಒಂದು ಮಡಿ ದಂಟು, ಒಂದು ಮಡಿ ಕೊತ್ತಂಬರಿ, ಬದುವಿನ ಮೇಲೆ ಅವರೆ, ನಡುವೆ ಬದನೆ, ಅಂಚಿಗೆ ಹೂವು. ಒಂದಕ್ಕೆ ಬೆಲೆಯಿಲ್ಲದ ದಿನ ಇನ್ನೊಂದಕ್ಕೆ ಇರುತ್ತಿತ್ತು. ಎಲ್ಲವೂ ಒಟ್ಟಿಗೆ ಕೈಕೊಡುವುದು ಅಪರೂಪ. ಜಾಕ್‌ಪಾಟ್ ಹೊಡೆಯುವ ಆಸೆ ಅಂಥ ತೋಟದಲ್ಲಿ ಇರಲಿಲ್ಲ, ಮುಳುಗುವ ಭಯವೂ ಇರಲಿಲ್ಲ. ಇಂದೂ ಕೋಲಾರದ ಅನೇಕ ತೋಟಗಳಲ್ಲಿ ಟೊಮೆಟೊ ಸಾಲುಗಳ ಪಕ್ಕದಲ್ಲಿ ನಾಲ್ಕು ಮಡಿ ಸೊಪ್ಪು ಕಾಣುತ್ತದೆ. ಬಹಳ ಸಲ ಅದು ಮನೆಯ ಹೆಂಗಸಿನ ಹಟದಿಂದ ಉಳಿದದ್ದು, ಅವಳ ಕೈಯ ದುಡ್ಡು. ಟೊಮೆಟೊ ಸೋತ ವರ್ಷ ಮನೆಗೆ ಅಕ್ಕಿ, ಎಣ್ಣೆ ತಂದದ್ದು ಆ ನಾಲ್ಕು ಮಡಿ ಎಂಬುದನ್ನು ಮನೆಯವರು ಮರೆಯುವುದಿಲ್ಲ.

ಯುಗಾದಿಯ ಬೆಳಿಗ್ಗೆ ನಗರದ ಮನೆಯಲ್ಲಿ ಬೇವು ಬೆಲ್ಲ ತಿಂದು, ಚೀಲ ಹಿಡಿದು ತರಕಾರಿಗೆ ಹೊರಟವರು ಎರಡು ರೂಪಾಯಿಗೆ ಚೌಕಾಸಿ ಮಾಡುವುದು ಸಹಜ. ಅದೇ ಹೊತ್ತಿಗೆ ಅರುವತ್ತು ಕಿಲೋಮೀಟರ್ ಆಚೆ, ಹಬ್ಬದ ಅಭ್ಯಂಜನ ಮುಗಿಸುವ ಮುನ್ನ ಒಬ್ಬಾತ ತೋಟದ ಸಾಲಿನಲ್ಲಿ ಬಗ್ಗಿ ಹನಿ ಪೈಪಿನ ರಂಧ್ರ ಬಿಡಿಸುತ್ತಿರುತ್ತಾನೆ. ಕರೆಂಟು ಹೋಗಲು ಇನ್ನು ಒಂದು ಗಂಟೆ ಇದೆ, ಕೊನೆಯ ಎಂಟು ಸಾಲಿಗೆ ನೀರು ಹಾಯಬೇಕಿದೆ.